ಇಟಲಿಯ ದಾರಿಗೆ ಯಾವ ಕಾಲ ಹದ?

ಕ್ರಿಸ್ತಜಯಂತಿಯ ಸಂಭ್ರಮ ಮುಗಿದು, ಗೋದಲಿಯ ಬೊಂಬೆಗಳನ್ನು ಮರಳಿ ಪೆಟ್ಟಿಗೆಗೆ ಸೇರಿಸುವ ಹೊತ್ತಿಗೆ ನಮ್ಮ ಧರ್ಮಕೇಂದ್ರಗಳಲ್ಲಿ ಪ್ರತಿವರ್ಷವೂ ಒಂದು ಪ್ರಶ್ನೆ ತಲೆಯೆತ್ತುತ್ತದೆ. "ಫಾದರ್, ಈ ಸಲ ರೋಮ್ ಕಡೆಗೆ ಹೋಗಿಬರೋಣವೆಂದಿದ್ದೇವೆ, ಯಾವ ತಿಂಗಳು ಒಳ್ಳೆಯದು?" ಕೇಳುವವರು ಒಂದೇ ಮಾತಿನ ಉತ್ತರವನ್ನು ನಿರೀಕ್ಷಿಸುತ್ತಾರೆ. ಮದುವೆಯ ದಿನ ಗೊತ್ತುಮಾಡಿದಂತೆ ನಾವು ಒಂದು ತಿಂಗಳ ಹೆಸರನ್ನು ಹೇಳಿಬಿಟ್ಟರೆ ಅವರಿಗೆ ಸಮಾಧಾನ.

ಹಿಂದೆ ಇಂಥ ಯಾತ್ರೆಯೆಂದರೆ ನಲವತ್ತು ಜನರ ಬಸ್ಸು, ಮುಂದೆ ಬಾವುಟ ಹಿಡಿದ ಮಾರ್ಗದರ್ಶಿ, ಗಂಟೆಗೊಂದು ಕ್ಷೇತ್ರ. ಕಾಲವನ್ನು ಪ್ರವಾಸದ ಏಜೆಂಟರೇ ನಿಶ್ಚಯಿಸುತ್ತಿದ್ದರು. ಇಂದು ಕೊಲ್ಲಿ ರಾಷ್ಟ್ರಗಳಲ್ಲಿಯೋ ಬೆಂಗಳೂರಿನಲ್ಲಿಯೋ ದುಡಿಯುವ ಮಕ್ಕಳು ತಂದೆತಾಯಿಯರನ್ನು ಕರೆದುಕೊಂಡು, ರೋಮ್‌ನಲ್ಲಿ ವಾಹನವೊಂದನ್ನು ಬಾಡಿಗೆಗೆ ಪಡೆದು, ತಾವೇ ಚಾಲನೆ ಮಾಡುತ್ತಾ ಹೋಗುವುದು ಹೆಚ್ಚಾಗಿದೆ. ರೋಮ್‌ನಿಂದ ಅಸ್ಸಿಸಿಗೆ ಸುಮಾರು 180 ಕಿಲೋಮೀಟರ್. ಅಲ್ಲಿಂದ ಸಂತ ಫ್ರಾನ್ಸಿಸರು ಪಂಚಗಾಯಗಳನ್ನು ಪಡೆದ ಲಾ ವೆರ್ನಾ ಬೆಟ್ಟ. ಬೆಟ್ಟವಿಳಿದು ಫ್ಲಾರೆನ್ಸ್, ಬೊಲೋನ್ಯಾ ಮಾರ್ಗವಾಗಿ ಸಂತ ಅಂತೋನಿಯವರ ಪಾದುವಾ. ನಮ್ಮ ಕರಾವಳಿಯ ಭಕ್ತರ ಮನಸ್ಸಿನಲ್ಲಿರುವ ಇಟಲಿ ಬಹುಮಟ್ಟಿಗೆ ಇಷ್ಟೇ. ಕಾಲವನ್ನು ಆರಿಸುವ ಹೊಣೆ ಈಗ ಮನೆಯವರ ಮೇಲೆಯೇ ಬಿದ್ದಿರುವುದರಿಂದ ಈ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತವೆಂದು ನಮಗೆ ತೋರುತ್ತದೆ.

ಗ್ರೀಕರಲ್ಲಿ ಕಾಲವನ್ನು ಸೂಚಿಸಲು ಎರಡು ಶಬ್ದಗಳಿದ್ದವು. 'ಕ್ರೋನೋಸ್' ಎಂದರೆ ಗಡಿಯಾರ, ಪಂಚಾಂಗಗಳು ಅಳೆಯುವ ಕಾಲ. 'ಕೈರೋಸ್' ಎಂದರೆ ಒಂದು ಕಾರ್ಯಕ್ಕೆ ತಕ್ಕುದಾಗಿ ಕೂಡಿಬಂದ ಕಾಲ. ಸೆಮಿನರಿಯಲ್ಲಿ ಈ ಎರಡನೆಯ ಶಬ್ದವನ್ನು ಅರ್ಥಮಾಡಿಕೊಳ್ಳಲು ನಾವು ಬಹಳ ತಿಣುಕಿದ್ದುಂಟು. ನಮ್ಮ ರೈತನಿಗಾದರೋ ಅದು ಹುಟ್ಟಿನಿಂದಲೇ ಗೊತ್ತು; ಅವನು ಅದನ್ನು 'ಹದ' ಎನ್ನುತ್ತಾನೆ. ಮಣ್ಣಿಗೆ ಹದ ಬಂದಿದೆಯೇ ಎಂದು ನೋಡಿ ಅವನು ಬಿತ್ತುತ್ತಾನೆಯೇ ಹೊರತು ತಾರೀಖನ್ನು ನೋಡಿಯಲ್ಲ. ಹದವೆಂಬುದು ಮಣ್ಣಿನಲ್ಲಿಯೂ ಇದೆ, ಬೀಜದಲ್ಲಿಯೂ ಇದೆ, ಬಿತ್ತುವವನ ಕೈಯಲ್ಲಿಯೂ ಇದೆ. ಯಾವ ತಿಂಗಳು ಒಳ್ಳೆಯದು ಎಂದು ಕೇಳುವವರು ಮಣ್ಣಿನ ಬಗ್ಗೆ ಮಾತ್ರ ಕೇಳುತ್ತಾರೆ. ವಾಹನದ ಹಿಂದಿನ ಸೀಟಿನಲ್ಲಿ ಯಾರು ಕುಳಿತಿರುತ್ತಾರೆ ಎಂಬುದನ್ನು ಹೇಳುವುದಿಲ್ಲ.

ತಪ್ಪು ಕಾಲದಲ್ಲಿ ಇಟಲಿಗೆ ಹೊರಟವರ ಕಥೆಯೊಂದು ನಮ್ಮ ಪವಿತ್ರ ಗ್ರಂಥದಲ್ಲಿಯೇ ಇದೆ. ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯವನ್ನು ಓದುಗರು ಬಿಡುವಾದಾಗ ತೆರೆದು ನೋಡಬಹುದು. ಸೆರೆಯಾಳಾದ ಸಂತ ಪೌಲರನ್ನು ಹಡಗಿನಲ್ಲಿ ರೋಮ್‌ಗೆ ಕರೆದೊಯ್ಯಲಾಗುತ್ತಿತ್ತು. ಯೆಹೂದ್ಯರ ಉಪವಾಸದ ದಿನ ಆಗಲೇ ಕಳೆದಿತ್ತು. ಎಂದರೆ ಶರತ್ಕಾಲ ಮುಂದುವರಿದು ಸಮುದ್ರಯಾನಕ್ಕೆ ಅಪಾಯದ ದಿನಗಳು ಬಂದಿದ್ದವು. ಕ್ರೀಟ್ ದ್ವೀಪದ ರೇವಿನಲ್ಲಿ ಪೌಲರು, ಇನ್ನು ಮುಂದೆ ಹೋದರೆ ಕೆಡುಕಾಗುವುದೆಂದು ಎಚ್ಚರಿಸಿದರು. ಅದಕ್ಕೆ ಮೊದಲೇ ಮೂರು ಬಾರಿ ಹಡಗು ಒಡೆದು ನೀರಿಗೆ ಬಿದ್ದಿದ್ದವರ ಮಾತು ಅದು! ಆದರೆ ಶತಾಧಿಪತಿ ನಂಬಿದ್ದು ಹಡಗಿನ ನಾವಿಕನನ್ನೂ ಯಜಮಾನನನ್ನೂ. ಆ ರೇವು ಚಳಿಗಾಲ ಕಳೆಯಲು ಅನುಕೂಲವಾಗಿರಲಿಲ್ಲ. ಹೆಚ್ಚಿನವರು ಹೊರಡೋಣವೆಂದರು. ಅಷ್ಟರಲ್ಲಿ ತೆಂಕಣ ಗಾಳಿ ಮೆಲ್ಲನೆ ಬೀಸಿತು, ಲಂಗರು ಎತ್ತಿದರು. ಮುಂದೆ ಹದಿನಾಲ್ಕು ರಾತ್ರಿಗಳ ಬಿರುಗಾಳಿ. ಹಡಗು ಮಾಲ್ಟಾದ ದಡದಲ್ಲಿ ಒಡೆಯಿತು. ಅದರಲ್ಲಿದ್ದ 276 ಜನರೂ ಬದುಕಿದ್ದು ದೇವರ ದಯೆ. ಮೂರು ತಿಂಗಳು ಅವರು ಅಲ್ಲಿಯೇ ಇರಬೇಕಾಯಿತು.

ಈ ಅಧ್ಯಾಯವನ್ನು ನಾವು ಓದಿದಾಗಲೆಲ್ಲ ಪ್ರವಾಸದ ಟಿಕೆಟ್ ಕಾಯ್ದಿರಿಸುವ ಮನೆಯೊಂದರ ಚಿತ್ರ ಕಣ್ಣಮುಂದೆ ಬರುತ್ತದೆ. ವ್ಯವಹಾರಸ್ಥರ ಸಲಹೆ, ಇರುವ ಜಾಗದ ಅನನುಕೂಲ, ಬಹುಮತ, ಒಂದು ದಿನದ ಮೃದುವಾದ ಗಾಳಿ! ಶತಾಧಿಪತಿಯ ಕಾರಣಗಳಲ್ಲಿ ಯಾವುದೂ ಮೂರ್ಖತನದ್ದಲ್ಲ. ನಮ್ಮ ಮನೆಗಳಲ್ಲಿಯೂ ಹಾಗೆಯೇ: ಆಗಸ್ಟ್‌ನಲ್ಲಿ ರಜೆ ಇದೆ, ವಿಮಾನದ ದರದಲ್ಲಿ ರಿಯಾಯಿತಿ ಸಿಕ್ಕಿದೆ, ಎಲ್ಲರಿಗೂ ಒಪ್ಪಿಗೆಯಾಗಿದೆ. ಮೂಲೆಯಲ್ಲಿ ಕುಳಿತ ಹಿರಿಯರ ಮಾತು ಮಾತ್ರ ಲೆಕ್ಕಕ್ಕೆ ಬಂದಿಲ್ಲ.

ಹಾಗೆಂದು ಎಲ್ಲರಿಗೂ ಕಾಲವನ್ನು ಆರಿಸುವ ಸ್ವಾತಂತ್ರ್ಯ ಇರುವುದಿಲ್ಲ. ಸಂತ ತೋಮಸ್ ಅಕ್ವಿನಾಸರನ್ನು ನೋಡಿ. 1274ರ ಮೇ ತಿಂಗಳಲ್ಲಿ ಲಿಯೋನ್ ನಗರದಲ್ಲಿ ಸೇರಲಿದ್ದ ಧರ್ಮಸಭೆಯ ಮಹಾಸಮ್ಮೇಳನಕ್ಕೆ ಬರಬೇಕೆಂದು ಜಗದ್ಗುರು ಹತ್ತನೆಯ ಗ್ರೆಗರಿಯವರ ಕರೆ ಬಂದಿತ್ತು. ಅಷ್ಟು ದೂರ ತಲುಪಬೇಕಾದರೆ ನೇಪಲ್ಸ್‌ನಿಂದ ಚಳಿಯಲ್ಲಿಯೇ ಹೊರಡಬೇಕು. ಹಿಂದಿನ ಡಿಸೆಂಬರ್‌ನಿಂದಲೇ ಅವರು ಬರೆಯುವುದನ್ನು ನಿಲ್ಲಿಸಿದ್ದರು, ದೇಹ ಕುಗ್ಗಿತ್ತು. ದಾರಿಗೆ ಅಡ್ಡವಾಗಿದ್ದ ಮರಕ್ಕೆ ಅವರ ತಲೆ ತಾಗಿತೆಂದು ಅಂದಿನವರು ಬರೆದಿಟ್ಟಿದ್ದಾರೆ. ಮಯೆನ್ಸಾದಲ್ಲಿ ಸೋದರ ಸಂಬಂಧದ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಾಗ ಊಟವೇ ಸೇರದೆ, ಪ್ಯಾರಿಸ್‌ನಲ್ಲಿ ತಿನ್ನುತ್ತಿದ್ದ ಹಸಿ ಹೆರಿಂಗ್ ಮೀನಾದರೆ ತಿಂದೇನು ಎಂದರಂತೆ. ಬೂತಾಯಿ ಮಾರುವವನ ಬುಟ್ಟಿಯನ್ನು ತೆರೆದು ನೋಡಿದರೆ ಅದರಲ್ಲಿ ಹೆರಿಂಗ್ ಇತ್ತೆಂದು ಸಂತಪದವಿಯ ವಿಚಾರಣೆಯಲ್ಲಿ ಸಾಕ್ಷ್ಯವಿದೆ. (ಮಹಾ ದಾರ್ಶನಿಕರೂ ಮೀನಿನ ವಿಷಯದಲ್ಲಿ ನಮ್ಮವರೇ ಎಂದು ಕರಾವಳಿಯ ಓದುಗರು ಸಂತೋಷಪಡಬಹುದು.) ಅಲ್ಲಿಂದ ಫೊಸ್ಸನೋವಾ ಮಠಕ್ಕೆ ಅವರನ್ನು ಕರೆದೊಯ್ದರು, ಮಾರ್ಚ್ 7ರಂದು ಅಲ್ಲಿಯೇ ಕಣ್ಣುಮುಚ್ಚಿದರು. ಶತಮಾನಗಳ ಕಾಲ ಅವರ ಹಬ್ಬ ಮಾರ್ಚ್ 7ರಂದೇ ನಡೆಯುತ್ತಿತ್ತು. ಅದು ತಪಸ್ಸುಕಾಲದಲ್ಲಿ ಬೀಳುತ್ತದೆಂದು 1969ರ ಪಂಚಾಂಗ ಸುಧಾರಣೆಯಲ್ಲಿ ಜನವರಿ 28ಕ್ಕೆ ಸರಿಸಲಾಯಿತು. ಕಾಲದ ಔಚಿತ್ಯವನ್ನು ನೋಡಿ ಹಬ್ಬವನ್ನೇ ಸರಿಸಬಹುದಾದರೆ ಒಂದು ಮನೆಯವರು ಪ್ರವಾಸದ ತಿಂಗಳನ್ನು ಸರಿಸುವುದು ಅಸಾಧ್ಯವೇ?

ತೋಮಸರಿಗೆ ವಿಧೇಯತೆ ಕಾಲವನ್ನು ನಿಶ್ಚಯಿಸಿತು. ನಮ್ಮವರಿಗೆ ಸಾಮಾನ್ಯವಾಗಿ ಶಾಲೆಯ ರಜೆ ನಿಶ್ಚಯಿಸುತ್ತದೆ. ಕೊಲ್ಲಿಯ ಭಾರತೀಯ ಶಾಲೆಗಳಿಗೆ ಜುಲೈ, ಆಗಸ್ಟ್ ತಿಂಗಳಲ್ಲಿ ರಜೆ. ನಮ್ಮ ಊರಲ್ಲಿ ಮಳೆ ಸುರಿದು ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯುವ ಆ ದಿನಗಳಲ್ಲಿ ಇಟಲಿಯ ಆಕಾಶದಲ್ಲಿ ಮೋಡವೇ ಇರುವುದಿಲ್ಲ. ಅಲ್ಲಿ ಬೇಸಿಗೆಯೇ ಒಣ ಕಾಲ, ಮಳೆ ಬರುವುದು ಶರತ್ಕಾಲ ಮತ್ತು ಚಳಿಗಾಲಗಳಲ್ಲಿ. ಜೂನ್ ಕೊನೆಯಲ್ಲಿ ರೋಮ್‌ನ ಹಗಲು 15 ಗಂಟೆಗಳಿಗೂ ಹೆಚ್ಚು. ಇದನ್ನೆಲ್ಲ ಕೇಳಿದರೆ ಬೇಸಿಗೆಯೇ ಸರಿಯೆಂದು ತೋರುವುದು ಸಹಜ. ಆದರೆ ರೋಮ್‌ನ ಬಿಸಿಲು 2023ರ ಜುಲೈಯಲ್ಲಿ 41 ಡಿಗ್ರಿಯನ್ನು ದಾಟಿತು. ಕಲ್ಲು ಹಾಸಿದ ಬೀದಿ, ಕಲ್ಲಿನ ಗೋಡೆ, ನೆರಳಿಲ್ಲದ ಚೌಕ. ನಮ್ಮ ಸೆಕೆಗೆ ಬೆವರಿ ಅಭ್ಯಾಸವಾದವರಿಗೂ ಆ ಒಣ ಉರಿ ಬೇರೆಯೇ.

ಇದರ ಮೇಲೆ ಆಗಸ್ಟ್ 15 ಇದೆ. ನಮಗೆ ಅದು ಸ್ವಾತಂತ್ರ್ಯೋತ್ಸವ ಹಾಗೂ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ. ಇಟಲಿಯವರಿಗೆ ಅದು 'ಫೆರಗೋಸ್ತೊ' ಕೂಡ. ಆಗಸ್ಟಸ್ ಚಕ್ರವರ್ತಿಯ ಹೆಸರಿನ ಪ್ರಾಚೀನ ರಜೆ ಮರಿಯಮ್ಮನವರ ಹಬ್ಬದೊಡನೆ ಬೆರೆತು ಹೋಗಿದೆ. ಅದರ ಹಿಂದುಮುಂದಿನ ವಾರಗಳಲ್ಲಿ ಇಡೀ ದೇಶವೇ ಕಡಲಿಗೋ ಬೆಟ್ಟಕ್ಕೋ ಹೊರಟಂತೆ ಇರುತ್ತದೆ. ಅಲ್ಲಿನ ಅಧಿಕಾರಿಗಳು ಹೆದ್ದಾರಿಯ ದಟ್ಟಣೆಯನ್ನು ಬಣ್ಣಗಳಿಂದ ಮೊದಲೇ ಪ್ರಕಟಿಸುತ್ತಾರೆ. ಕಪ್ಪು ಗುರುತಿನ ದಿನಗಳು ಬರುವುದು ಹೆಚ್ಚಾಗಿ ಆಗಸ್ಟ್‌ನ ವಾರಾಂತ್ಯಗಳಲ್ಲಿಯೇ. ಅತ್ತ ನಗರಗಳಲ್ಲಿ ಸಣ್ಣ ಅಂಗಡಿ, ಭೋಜನಗೃಹಗಳು ಬಾಗಿಲು ಮುಚ್ಚಿರುತ್ತವೆ. ದಾರಿ ತುಂಬಿರುತ್ತದೆ, ಊರು ಬರಿದಾಗಿರುತ್ತದೆ.

ನಮಗೆ ತಿಳಿದ ಒಂದು ಮನೆಯವರು ಅಂಥದೇ ಒಂದು ಆಗಸ್ಟ್‌ನಲ್ಲಿ ಹೋಗಿದ್ದರು. ಮಗ ಕೊಲ್ಲಿಯಲ್ಲಿದ್ದವನು, ತಾಯಿಗೆ ಎಪ್ಪತ್ತು ದಾಟಿತ್ತು, ಮಂಡಿನೋವಿತ್ತು. ಅವರು ನಲವತ್ತು ವರ್ಷಗಳಿಂದ ಫ್ರಾನ್ಸಿಸ್ಕನ್ ಮೂರನೆಯ ಸಭೆಗೆ ಸೇರಿದವರು. ಅಸ್ಸಿಸಿ ಎಂಬ ಹೆಸರು ಅವರಿಗೆ ತಮ್ಮ ತವರೂರಿನ ಹೆಸರಿನಷ್ಟೇ ಹತ್ತಿರ. ಅಸ್ಸಿಸಿಯಲ್ಲಿ ಹೊರಗಿನ ವಾಹನಗಳನ್ನು ಊರ ಅಂಚಿನಲ್ಲಿ ನಿಲ್ಲಿಸಿ ಏರು ಬೀದಿಯನ್ನು ಹತ್ತಬೇಕು. ಮಧ್ಯಾಹ್ನದ ಬಿಸಿಲು; ತಾಯಿ ನಾಲ್ಕು ಹೆಜ್ಜೆ ನಡೆದು ಕುಳಿತರು. ಮಕ್ಕಳು ಅವರನ್ನು ವಾಹನದ ತಂಪಿನಲ್ಲಿ ಬಿಟ್ಟು, ಸರದಿಯ ಮೇಲೆ ಒಬ್ಬರು ಜೊತೆಗಿದ್ದು, ಮೇಲೆ ಹೋಗಿ ಸಂತರ ಸಮಾಧಿಯನ್ನು ಕಂಡು ಬಂದರು. ಭಾವಚಿತ್ರಗಳನ್ನು ತೆಗೆದು ತೋರಿಸಿದರು. ಆ ದಿನ ಸಂಜೆ ಪಾದುವಾದ ಕಡೆಗೆ ಹೊರಡಬೇಕಿತ್ತು, ಕೋಣೆ ಕಾಯ್ದಿರಿಸಿತ್ತು. ಊರಿಗೆ ಬಂದ ಮೇಲೆ ಯಾತ್ರೆ ಹೇಗಾಯಿತೆಂದು ನಾವು ಕೇಳಿದಾಗ ಆ ತಾಯಿ ಯಾರನ್ನೂ ದೂರಲಿಲ್ಲ. "ಅಸ್ಸಿಸಿ ಕೆಳಗಿನಿಂದ ಬಹಳ ಚೆನ್ನಾಗಿ ಕಾಣುತ್ತದೆ ಫಾದರ್" ಎಂದರು. ಎರಡು ವರ್ಷಗಳ ಬಳಿಕ ಅವರನ್ನು ನಾವೇ ಮಣ್ಣಿಗೆ ಒಪ್ಪಿಸಿದೆವು. ಮಗ ಒಳ್ಳೆಯವನು, ಖರ್ಚಿಗೆ ಹಿಂದೆಮುಂದೆ ನೋಡಿದವನಲ್ಲ. ಅದೇ ಹಣದಲ್ಲಿ, ಅದೇ ದಾರಿಯಲ್ಲಿ, ಆರು ವಾರ ತಡೆದು ಹೋಗಿದ್ದರೆ ಆ ಏರನ್ನು ಹತ್ತುವುದು ಅವರಿಗೆ ಸಾಧ್ಯವಾಗುತ್ತಿತ್ತೆಂದೇ ನಮ್ಮ ಎಣಿಕೆ.

ಹಬ್ಬದ ದಿನವೇ ಕ್ಷೇತ್ರದಲ್ಲಿರಬೇಕೆಂಬ ಆಸೆ ಇನ್ನೊಂದು. ಜೂನ್ 13ಕ್ಕೆ ಪಾದುವಾ, ಅಕ್ಟೋಬರ್ 4ಕ್ಕೆ ಅಸ್ಸಿಸಿ. ಭಕ್ತಿಯ ದೃಷ್ಟಿಯಿಂದ ಇದನ್ನು ಅಲ್ಲಗಳೆಯಲಾಗದು, ಗಟ್ಟಿಮುಟ್ಟಾದವರು ಹೋಗಲಿ. ಆದರೆ ಸಂತ ಅಂತೋನಿಯವರ ಕೊನೆಯ ಪ್ರಯಾಣದಲ್ಲಿ ಒಂದು ಸಂಗತಿ ಇದೆ. 1231ರ ಜೂನ್‌ನಲ್ಲಿ ಅವರು ಕಾಂಪೊಸಾಂಪಿಯೆರೊದಲ್ಲಿ, ಆಕ್ರೋಟು ಮರದ ಮೇಲೆ ಕಟ್ಟಿಸಿದ ಪುಟ್ಟ ಗುಡಿಸಲಿನಲ್ಲಿ ಪ್ರಾರ್ಥನೆ ಮಾಡಿಕೊಂಡಿದ್ದರು. ಕಾಯಿಲೆ ಏರಿದಾಗ ಪಾದುವಾಕ್ಕೆ ಕರೆದೊಯ್ಯಿರೆಂದು ಕೇಳಿದರು. ಗಾಡಿಯಲ್ಲಿ ಮಲಗಿಸಿ ತಂದರು. ನಗರ ಹತ್ತಿರವಾದಾಗ ಎದುರುಗೊಂಡ ಸಹೋದರನೊಬ್ಬ, ಒಳಗೆ ಹೋದರೆ ಜನ ಮುತ್ತಿಕೊಳ್ಳುವರು, ರೋಗಿಗೆ ತೊಂದರೆಯಾಗುವುದು, ಇಲ್ಲಿಯೇ ಆರ್ಚೆಲ್ಲಾದಲ್ಲಿ ತಂಗುವುದು ಲೇಸೆಂದನು. ಅವರು ಒಪ್ಪಿದರು, ಅಲ್ಲಿಯೇ ಪ್ರಾಣಬಿಟ್ಟರು. ನಗರದ ಹೊರಗಡೆ ಗಾಡಿಯನ್ನು ನಿಲ್ಲಿಸಿದ ಆ ಸಹೋದರನ ಬುದ್ಧಿ ನಮಗೆ ಬಹಳ ಹಿಡಿಸುತ್ತದೆ.

ಚಳಿಗಾಲಕ್ಕೆ ಬರೋಣ. ನವೆಂಬರ್‌ನಿಂದ ಫೆಬ್ರವರಿಯವರೆಗೆ, ಹಬ್ಬದ ವಾರಗಳನ್ನು ಬಿಟ್ಟರೆ, ಜನಸಂದಣಿ ಕಡಿಮೆ, ಕೋಣೆಗಳ ಬಾಡಿಗೆಯೂ ಇಳಿದಿರುತ್ತದೆ. ತೊಡಕಿರುವುದು ಬೆಳಕಿನಲ್ಲಿ. ಮಂಗಳೂರಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಹಗಲು ಕುಗ್ಗುವುದೆಂದರೆ ಏನೆಂದು ನಮ್ಮವರಿಗೆ ಅನುಭವವಿಲ್ಲ. ಡಿಸೆಂಬರ್‌ನಲ್ಲಿ ರೋಮ್‌ನ ಹಗಲು ಸುಮಾರು 9 ಗಂಟೆ ಮಾತ್ರ. ಇಟಲಿಯ ಎಷ್ಟೋ ಸಣ್ಣ ಊರುಗಳ ದೇವಾಲಯಗಳು ಮಧ್ಯಾಹ್ನ 12ರ ಸುಮಾರಿಗೆ ಮುಚ್ಚಿ 3 ಗಂಟೆಯ ನಂತರವೇ ತೆರೆಯುತ್ತವೆ. ಬೇಸಿಗೆಯಲ್ಲಾದರೆ ಸಂಜೆ ಉದ್ದವಾಗಿರುತ್ತದೆ, ಚಿಂತೆಯಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಚಹಾ ಕುಡಿದು ಹೊರಟು ತಲುಪುವಾಗ ಬಾಗಿಲು ಮುಚ್ಚಿರುತ್ತದೆ, ತೆರೆಯುವಾಗ ಕತ್ತಲು ಹತ್ತಿರವಾಗಿರುತ್ತದೆ. ಈ ಸರಳ ಲೆಕ್ಕವನ್ನು ಟಿಕೆಟ್ ಕೊಳ್ಳುವ ಮುನ್ನ ಯಾರೂ ಮಾಡುವುದನ್ನು ನಾವು ನೋಡಿಲ್ಲ. ಲಾ ವೆರ್ನಾದ ಮಠ ಸಮುದ್ರಮಟ್ಟದಿಂದ 1,100 ಮೀಟರ್‌ಗೂ ಮೇಲಿದೆ. ದಾರಿಯಲ್ಲಿ ಹಿಮ ಬೀಳುತ್ತದೆ. ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿನ ಅನೇಕ ರಸ್ತೆಗಳಲ್ಲಿ ಚಳಿಗಾಲದ ಟಯರುಗಳು ಅಥವಾ ಹಿಮದ ಸರಪಳಿಗಳು ಕಡ್ಡಾಯ. ಉತ್ತರದ ಪೊ ನದಿಯ ಬಯಲಿನಲ್ಲಿ ಮಂಜು ಮುಸುಕಿದರೆ ಮುಂದಿನ ವಾಹನದ ಕೆಂಪು ದೀಪವೂ ಕಾಣಿಸದು.

ಆದರೂ ಚಳಿಗಾಲವನ್ನು ನಾವು ತಳ್ಳಿಹಾಕುವುದಿಲ್ಲ. 1223ರ ಕ್ರಿಸ್ತಜಯಂತಿಯ ರಾತ್ರಿ ಸಂತ ಫ್ರಾನ್ಸಿಸರು ಜೀವಂತ ಗೋದಲಿಯನ್ನು ಏರ್ಪಡಿಸಿದ ಗ್ರೆಚ್ಚೊವನ್ನು ನೋಡುವವರು ಮೇ ತಿಂಗಳ ಹೂಬಿಸಿಲಿನಲ್ಲಿ ಹೋಗಿ ಏನು ಕಂಡಾರು? ಆ ಬಂಡೆ, ಆ ಚಳಿ, ಆ ಕತ್ತಲು ಕೂಡಿದರೇ ಗೋದಲಿ. ಸಂತ ಅಗಸ್ಟೀನರ ಸಮಾಧಿಯಿರುವ ಪಾವಿಯಾ ಕೂಡ ಹಾಗೆಯೇ. ಜಗದ್ಗುರು ಹದಿನಾಲ್ಕನೆಯ ಲಿಯೋ ಅಗಸ್ಟೀನರ ಸಭೆಯವರಾದ್ದರಿಂದ 2025ರ ಮೇ 8ರ ನಂತರ ಆ ಊರಿನ ಹೆಸರನ್ನು ಕೇಳುವವರು ನಮ್ಮಲ್ಲಿಯೂ ಹೆಚ್ಚಿದ್ದಾರೆ. ಅದೇ ದೇವಾಲಯದಲ್ಲಿ, ಸೆರೆಮನೆಯಲ್ಲಿ ಕುಳಿತು ತತ್ತ್ವಶಾಸ್ತ್ರದಿಂದ ಸಾಂತ್ವನ ಪಡೆದ ಬೊಯೇಥಿಯಸ್ ಕೂಡ ಮಲಗಿದ್ದಾನೆ. ಹೊರಗೆ ಮಂಜು ಕವಿದಿರುವಾಗ ಅಲ್ಲಿ ಒಂದು ಗಂಟೆ ಕುಳಿತವರಿಗೆ ಬೇರೆ ಮಾರ್ಗದರ್ಶಿ ಬೇಕಾಗಿಲ್ಲ. ಆದರೆ ಅದು ಒಬ್ಬಂಟಿಗರ ಯಾತ್ರೆ, ಮನೆಮಂದಿಯದಲ್ಲ.

ವಸಂತಕಾಲದ ವಿಷಯ ಬೇಗನೆ ಹೇಳಿ ಮುಗಿಸಬಹುದು. ನಮ್ಮ ಊರಿನ ಶಾಲೆಗಳಿಗೆ ಏಪ್ರಿಲ್, ಮೇ ರಜೆ ಇರುವುದರಿಂದ ಅಧ್ಯಾಪಕರಿಗೂ ಮಕ್ಕಳಿಗೂ ಅದು ಸುಲಭ. ಹವೆ ಹಿತ. ಆದರೆ ಈಸ್ಟರ್ ಹಬ್ಬ ಪ್ರತಿವರ್ಷ ಜಾರುತ್ತದೆ: 2025ರಲ್ಲಿ ಏಪ್ರಿಲ್ 20, 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಪವಿತ್ರ ವಾರದಲ್ಲಿ ರೋಮ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದರ ಬೆನ್ನಿಗೇ ಏಪ್ರಿಲ್ 25, ಮೇ 1 ಅಲ್ಲಿನ ರಾಷ್ಟ್ರೀಯ ರಜೆಗಳು. ಇವುಗಳನ್ನು ತಪ್ಪಿಸಿ ಮೇ ಮೊದಲ ವಾರ ಕಳೆದ ಮೇಲೆ ಹೋಗುವುದಾದರೆ ನಮ್ಮ ಆಕ್ಷೇಪವಿಲ್ಲ.

ಆದರೆ ಮನೆಯಲ್ಲಿ ವಯಸ್ಸಾದವರಿದ್ದು ನಮ್ಮ ಅಭಿಪ್ರಾಯವನ್ನೇ ಕೇಳುವುದಾದರೆ, ತೆನೆಹಬ್ಬ ಮುಗಿಸಿ ಹೊರಡಿ ಎನ್ನುತ್ತೇವೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸಕ್ಕಿಯ ಊಟ ಮಾಡಿ, ಸಾಮಾನು ಕಟ್ಟಿ, ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿರಬೇಕು. ಆಗ ಬಿಸಿಲಿನ ಉರಿ ಇಳಿದಿರುತ್ತದೆ, ಅಲ್ಲಿನ ಶಾಲೆಗಳು ಆರಂಭವಾಗಿ ಹೆದ್ದಾರಿಗಳು ತೆರವಾಗಿರುತ್ತವೆ, ದಾರಿಯ ಎರಡು ಬದಿಯಲ್ಲೂ ದ್ರಾಕ್ಷಿಯ ಕೊಯ್ಲು ನಡೆದಿರುತ್ತದೆ. ಸಂತ ಫ್ರಾನ್ಸಿಸರು ಲಾ ವೆರ್ನಾದಲ್ಲಿ ಪಂಚಗಾಯಗಳನ್ನು ಪಡೆದದ್ದೂ 1224ರ ಸೆಪ್ಟೆಂಬರ್‌ನಲ್ಲಿಯೇ. ಅವರು ಕಂಡ ಕಾಡು, ಅವರು ಕಂಡ ಬೆಳಕು ಆ ತಿಂಗಳಿನದು. ಅಧ್ಯಾಪಕರು ದಸರಾ ರಜೆಗೆ ಹೊಂದಿಸಿಕೊಳ್ಳಬಹುದು. ಅಕ್ಟೋಬರ್ 4ರ ಆಸುಪಾಸಿನ ಎರಡು ಮೂರು ದಿನ ಅಸ್ಸಿಸಿಯನ್ನು ಬಿಟ್ಟು ಬೇರೆಡೆ ಇರುವುದು ಕ್ಷೇಮ. ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಸಂಜೆ ಐದಕ್ಕೆಲ್ಲ ಕತ್ತಲಾಗತೊಡಗುತ್ತದೆ, ಮಳೆಯೂ ಹೆಚ್ಚುತ್ತದೆ. ಅಷ್ಟರೊಳಗೆ ಊರು ಸೇರಿರಬೇಕು.

ಇದರಲ್ಲಿ ಯಾವ ಭರವಸೆಯೂ ಇಲ್ಲವೆಂಬುದನ್ನು ಸೇರಿಸಲೇಬೇಕು. ಅಸ್ಸಿಸಿಯ ಮಹಾದೇವಾಲಯದ ಚಾವಣಿ ಭೂಕಂಪಕ್ಕೆ ಕುಸಿದು ನಾಲ್ವರು ಸತ್ತದ್ದು 1997ರ ಸೆಪ್ಟೆಂಬರ್ 26ರಂದು. ನಾವು ಒಳ್ಳೆಯದೆಂದು ಹೇಳುತ್ತಿರುವ ವಾರವೇ ಅದು. ಪಾದುವಾಕ್ಕೆ ಹೋಗುವ ದಾರಿಯಲ್ಲಿ ಸಿಗುವ ಎಮಿಲಿಯಾ-ರೊಮಾನ್ಯಾ ಪ್ರಾಂತ್ಯದಲ್ಲಿ 2023ರ ಮೇ ತಿಂಗಳಲ್ಲಿಯೂ 2024ರ ಸೆಪ್ಟೆಂಬರ್‌ನಲ್ಲಿಯೂ ಭಾರಿ ಪ್ರವಾಹ ಬಂತು. ಹದ ನೋಡಿ ಬಿತ್ತಿದ ಗದ್ದೆಗೂ ನೆರೆ ಬರುವುದುಂಟು. ಹಾಗೆಂದು ರೈತ ಹದ ನೋಡುವುದನ್ನು ಬಿಡುತ್ತಾನೆಯೇ?

ಚಾಲನೆ ಮಾಡುವವರಿಗೆ ಎರಡು ಮಾತು. ನಮ್ಮ ಪರವಾನಗಿಯ ಜೊತೆಗೆ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಒಂದು ವರ್ಷದ ಅಂತರರಾಷ್ಟ್ರೀಯ ಪರವಾನಗಿಯನ್ನೂ ಪಡೆದಿರಬೇಕು. ಅಲ್ಲಿ ರಸ್ತೆಯ ಬಲಬದಿಯ ಸಂಚಾರ. ಹೆದ್ದಾರಿಯ ವೇಗಮಿತಿ ಗಂಟೆಗೆ 130 ಕಿಲೋಮೀಟರ್, ಮಳೆ ಬಂದರೆ 110. ಊರ ಹೊರಗೆ ಹಗಲಿನಲ್ಲಿಯೂ ದೀಪ ಉರಿಯುತ್ತಿರಬೇಕು. ಹಳೆಯ ನಗರಗಳ ನಡುಭಾಗ ನಿರ್ಬಂಧಿತ ವಲಯ; ಅರಿಯದೆ ನುಗ್ಗಿದರೆ ಕ್ಯಾಮರಾ ನೋಡಿಕೊಳ್ಳುತ್ತದೆ, ದಂಡದ ಪತ್ರ ತಿಂಗಳುಗಳ ಬಳಿಕ ಮನೆಗೇ ಬರುತ್ತದೆ. ವೀಸಾ ಅರ್ಜಿಯನ್ನು ಆರು ತಿಂಗಳ ಮೊದಲೇ ಕೊಡಲು ಅವಕಾಶವಿದೆ. ಸೆಪ್ಟೆಂಬರ್ ಯಾತ್ರೆಗೆ ಈಸ್ಟರ್ ಮುಗಿಯುತ್ತಲೇ ಕೆಲಸ ಆರಂಭಿಸಬೇಕು.

ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ ತೋಮಸರು ಮುಂದಾಲೋಚನೆಯ ಜೊತೆಗೆ ಇನ್ನೊಬ್ಬರಿಂದ ಕಲಿಯುವ ವಿನಯವನ್ನೂ ಸೇರಿಸುತ್ತಾರೆ, ಅದರಲ್ಲಿಯೂ ಹಿರಿಯರಿಂದ. ಸ್ವತಃ ಒಳ್ಳೆಯದಾದ ಕಾರ್ಯ ಸನ್ನಿವೇಶದ ಕಾರಣದಿಂದ ಅನುಚಿತವಾಗಬಹುದು, ಆದ್ದರಿಂದ ಸುತ್ತಲೂ ನೋಡಬೇಕು ಎನ್ನುತ್ತಾರೆ. ಇಲ್ಲಿ ಒಂದು ಕಷ್ಟವಿದೆ. ನಮ್ಮ ಹಿರಿಯರನ್ನು "ಯಾವಾಗ ಹೋಗೋಣ" ಎಂದು ಕೇಳಿದರೆ, "ನಿಮಗೆ ಹೇಗೆ ಅನುಕೂಲವೋ ಹಾಗೆ" ಎನ್ನುತ್ತಾರೆ. ಅದು ಉತ್ತರವಲ್ಲ, ಪ್ರೀತಿ. ಆದ್ದರಿಂದ ಬಾಯಿಯಿಂದ ಕೇಳುವುದಕ್ಕಿಂತ ಜೊತೆಗೆ ನಡೆದು ನೋಡಿ. ಬೆಳಗಿನ ಪೂಜೆಗೆ ಮನೆಯಿಂದ ಇಗರ್ಜಿಗೆ ಕಾಲ್ನಡೆಯಲ್ಲಿ ಕರೆತನ್ನಿ. ಎಲ್ಲಿ ನಿಲ್ಲುತ್ತಾರೆ, ಎಷ್ಟು ಮೆಟ್ಟಿಲಿಗೆ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಗಮನಿಸಿ. ಹತ್ತು ಗಂಟೆಯ ಬಿಸಿಲಿನಲ್ಲಿ ಒಮ್ಮೆ ಮರಳಿ ಕರೆದೊಯ್ಯಿರಿ. ಅಸ್ಸಿಸಿಗೆ ಒಂದು ದಿನವಲ್ಲ, ಎರಡು ರಾತ್ರಿ ಇಟ್ಟುಕೊಳ್ಳಿ, ಬೆಳಿಗ್ಗೆ ತಂಪಿನಲ್ಲಿ ಹತ್ತಬಹುದು. ಅದಕ್ಕಾಗಿ ವೆನಿಸ್ ನಗರವನ್ನು ಕೈಬಿಡಬೇಕಾದರೆ ಬಿಡಿ. ಮೊಮ್ಮಕ್ಕಳು ಮುನಿಸಿಕೊಂಡಾರು, ಅವರಿಗೆ ಇನ್ನೂ ವರ್ಷಗಳಿವೆ.

ಪಾದುವಾಕ್ಕೆ ಹೋಗುವ ದಾರಿಯಲ್ಲಿ, ಫ್ಲಾರೆನ್ಸ್‌ನ ಉತ್ತರದ ಹೆದ್ದಾರಿ ದ್ವಾರದ ಬಳಿ, ಸ್ನಾನಿಕ ಯೊವಾನ್ನರ ಹೆಸರಿನ ಒಂದು ದೇವಾಲಯವಿದೆ. ಮಿಲಾನ್‌ನಿಂದ ನೇಪಲ್ಸ್‌ವರೆಗಿನ ಆ 'ಸೂರ್ಯ ಹೆದ್ದಾರಿ' ಪೂರ್ಣಗೊಂಡು 1964ರ ಅಕ್ಟೋಬರ್ 4ರಂದು ಉದ್ಘಾಟನೆಯಾಯಿತು. ಅದನ್ನು ಕಟ್ಟುವಾಗ ಪ್ರಾಣ ಕಳೆದುಕೊಂಡ ಕಾರ್ಮಿಕರ ನೆನಪಿಗಾಗಿ ವಾಸ್ತುಶಿಲ್ಪಿ ಜೊವಾನ್ನಿ ಮಿಕೆಲುಚ್ಚಿ ಅದೇ ವರ್ಷ ಈ ದೇವಾಲಯವನ್ನು ಮುಗಿಸಿದರು. ಕಲ್ಲಿನ ಗೋಡೆಗಳ ಮೇಲೆ ತಾಮ್ರದ ಚಾವಣಿ, ದೂರದಿಂದ ನೋಡಿದರೆ ದಾರಿಹೋಕರು ಹಾಕಿದ ಡೇರೆಯಂತೆ. ಪ್ರವಾಸದ ಏಜೆಂಟರ ಪಟ್ಟಿಯಲ್ಲಿ ಅದರ ಹೆಸರು ಇರುವುದು ಅಪರೂಪ. ವಾಹನವನ್ನು ಬದಿಯಲ್ಲಿಯೇ ನಿಲ್ಲಿಸಬಹುದು, ಏರು ಬೀದಿಯಿಲ್ಲ; ಅಮ್ಮನವರು ತಮ್ಮ ಕೋಲನ್ನೂರಿಕೊಂಡು ತಾವೇ ಒಳಗೆ ಹೋಗಬಹುದು.